ಫೈರ್‌ಫಾಕ್ಸ್‌ನ ಕನಿಷ್ಠ ಅಕ್ಷರ ಗಾತ್ರ: ಆರು ವರ್ಷ ಬಳಸಿದ ಮೇಲೆ

ಚಾಳೀಸು ಬಂದ ವರ್ಷ ಮಾಡಿದ ಮೊದಲ ಕೆಲಸ ಕನ್ನಡಕ ಕೊಂಡದ್ದು. ಎರಡನೆಯದು ಅದನ್ನು ಎಲ್ಲೋ ಇಟ್ಟು ಮರೆಯುವುದನ್ನು ರೂಢಿ ಮಾಡಿಕೊಂಡದ್ದು. ದೊಡ್ಡ ಪರದೆ ಕೊಳ್ಳೋಣವೇ ಅಂತ ಲೆಕ್ಕ ಹಾಕುತ್ತಿದ್ದಾಗ ಫೈರ್‌ಫಾಕ್ಸ್ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ, ಫಾಂಟ್ ವಿಭಾಗದ ‘ಅಡ್ವಾನ್ಸ್ಡ್’ ಬಟನ್ ಹಿಂದೆ, ಕನಿಷ್ಠ ಅಕ್ಷರ ಗಾತ್ರ ಎಂಬ ಪಟ್ಟಿ ಕಣ್ಣಿಗೆ ಬಿತ್ತು. 20 ಅಂತ ಆರಿಸಿದೆ. ಪರದೆಯ ಲೆಕ್ಕ ಅಲ್ಲಿಗೇ ನಿಂತಿತು. ಬಿಟ್ಟಿ ಸಿಕ್ಕಿದ್ದು ಕೆಲಸ ಮಾಡುವಾಗ ದುಡ್ಡು ಯಾಕೆ ಸುರಿಯಬೇಕು?

ಝೂಮ್ ಇದೆಯಲ್ಲ, ಇದೇಕೆ ಅಂತ ಕೇಳುವವರಿಗೆ: ಝೂಮ್ ಚಿತ್ರ, ಮೆನು, ಖಾಲಿ ಜಾಗ ಎಲ್ಲವನ್ನೂ ಒಟ್ಟಿಗೆ ಹಿಗ್ಗಿಸುತ್ತದೆ. ಮೊದಲೇ ದೊಡ್ಡದಾಗಿದ್ದ ತಲೆಬರಹ ಅರ್ಧ ಪರದೆ ನುಂಗಿ ಕೂರುತ್ತದೆ. ಕನಿಷ್ಠ ಗಾತ್ರ ಮುಟ್ಟುವುದು ಸಣ್ಣ ಅಕ್ಷರಗಳನ್ನು ಮಾತ್ರ. ಅಡಿಟಿಪ್ಪಣಿ, ದಿನಾಂಕ, ಷರತ್ತುಗಳು — ನಾವು ಓದದಿರಲಿ ಅಂತಲೇ 11 ಪಿಕ್ಸೆಲ್‌ನಲ್ಲಿ ಬರೆದವೆಲ್ಲ ಎದ್ದು ಕೂರುತ್ತವೆ. ಮೊದಲ ವಾರ ನಾನು ಷರತ್ತುಗಳನ್ನೇ ಓದುತ್ತಾ ಕೂತಿದ್ದೆ!

ಒಂದು ಕಿವಿಮಾತು. ಈ ಪಟ್ಟಿ ಲಿಪಿಗೊಂದರಂತೆ ಬೇರೆ ಬೇರೆ. ಲ್ಯಾಟಿನ್‌ಗೆ 20 ಇಟ್ಟರೆ ಕನ್ನಡಕ್ಕೆ ತಾನಾಗಿ ಬರುವುದಿಲ್ಲ, ಮೇಲಿನ ಪಟ್ಟಿಯಲ್ಲಿ ಕನ್ನಡ ಆರಿಸಿ ಮತ್ತೊಮ್ಮೆ ಇಡಬೇಕು. ಅದೂ ಸಾಲದು. ಪುಟ ತನ್ನ ಭಾಷೆ ಕನ್ನಡ ಅಂತ ತನ್ನ ಕೋಡ್‌ನಲ್ಲಿ ಹೇಳಿಕೊಂಡಿರಬೇಕು. ತಲೆಯಿಂದ ಕಾಲಿನವರೆಗೆ ಕನ್ನಡವೇ ಇದ್ದೂ ‘ನಾನು ಇಂಗ್ಲಿಷ್’ ಅಂತ ಘೋಷಿಸಿಕೊಂಡ ಪುಟಗಳು ಬೇಕಾದಷ್ಟಿವೆ. ಎಲ್ಲಿಂದಲೋ ಎತ್ತಿಕೊಂಡ ಟೆಂಪ್ಲೇಟ್‌ನ ಮೊದಲ ಸಾಲನ್ನು ಯಾರೂ ಬದಲಿಸಿರುವುದಿಲ್ಲ. ಹಾಗಾಗಿ ಎರಡಕ್ಕೂ 20 ಇಟ್ಟುಬಿಡಿ, ತಲೆನೋವಿಲ್ಲ.

ಇನ್ನು ನನ್ನ ದಿನಚರಿ. ಬೆಳಿಗ್ಗೆ ಎದ್ದು ನಾಲ್ಕೈದು ಉದ್ದದ ಲೇಖನ ತೆರೆದಿಟ್ಟುಕೊಳ್ಳುತ್ತೇನೆ. ಒಂದೊಂದರ ಮೇಲೂ ಎಫ್9 ಒತ್ತುತ್ತೇನೆ. ಪಕ್ಕದ ಪಟ್ಟಿಗಳು, ಜಾರುವ ಚಿತ್ರಗಳು, ‘ನಮ್ಮನ್ನು ಅನುಸರಿಸಿ’ ಎಲ್ಲ ಮಾಯವಾಗಿ ಬರಿಯ ಬರಹ ಉಳಿಯುತ್ತದೆ. ರೀಡರ್ ವ್ಯೂ ಅಂತಾರೆ. ಹಿನ್ನೆಲೆಗೆ ಹಳೇ ಕಾಗದದ ಬಣ್ಣ, ಸಾಲುಗಳ ನಡುವೆ ಸ್ವಲ್ಪ ಉಸಿರಾಟ. ಆ ಬಣ್ಣ ಬಂದ ಕೂಡಲೇ ಹುಬ್ಬು ತಾನಾಗಿ ಸಡಿಲವಾಗುತ್ತದೆ. ಇದೊಂದಕ್ಕೇ ಐದಕ್ಕೆ ಐದು ಕೊಡುವವನಿದ್ದೆ.

ಕೊಡದಂತೆ ಮಾಡಿದ್ದು ಒತ್ತಕ್ಷರ.

ಫಾರಂ ತುಂಬುವ ಪುಟಗಳಿಗೆ ರೀಡರ್ ವ್ಯೂ ನಡೆಯುವುದಿಲ್ಲ. ಅಲ್ಲಿ ಡಿಸೈನರ್ ಹಾಕಿದ ಪೆಟ್ಟಿಗೆಯೊಳಗೇ ಇರಬೇಕು. ಪೆಟ್ಟಿಗೆಯ ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕಿ, ಹೊರಗೆ ಚಾಚಿದ್ದನ್ನು ಅಡಗಿಸು ಅಂತ ಬರೆದಿದ್ದರೆ, ದೊಡ್ಡದಾದ ಅಕ್ಷರದ ಕಾಲು ಮೊದಲು ಹೋಗುತ್ತದೆ. ಇಂಗ್ಲಿಷಿನಲ್ಲಿ ಇದು ಅಂಥ ದೊಡ್ಡ ಅನಾಹುತವಲ್ಲ. ಬಾಲ ಕಳೆದುಕೊಂಡ ಅಕ್ಷರವನ್ನೂ ಕಣ್ಣು ಊಹಿಸಿಕೊಳ್ಳುತ್ತದೆ. ನಮ್ಮಲ್ಲಿ ಅರ್ಧ ವ್ಯಂಜನವೇ ಕೆಳಗಿರುತ್ತದೆ. ಒತ್ತು ಹೋದರೆ ಕತ್ತೆ ಕತೆಯಾಗುತ್ತದೆ, ಹಳ್ಳಿ ಹಳಿಯಾಗುತ್ತದೆ. ‘ರಾಷ್ಟ್ರ’ದಂಥ ಎರಡು ಒತ್ತಿನ ಪದದ ಪಾಡು ಕೇಳಲೇಬೇಡಿ. ನಾನು ತಿಂಗಳಿಗೊಮ್ಮೆ ಹಣ ಕಟ್ಟುವ ಒಂದು ತಾಣದಲ್ಲಿ ‘ರದ್ದು’ ಎಂಬ ಬಟನ್ ‘ರದು’ ಅಂತಲೂ ‘ಒಪ್ಪಿಗೆ’ ಎಂಬುದು ‘ಒಪಿಗೆ’ ಅಂತಲೂ ಕಾಣುತ್ತವೆ. ಎರಡೂ ಒಂದೇ ಬೂದು ಬಣ್ಣ. ಅವರಿಗೆ ಬರೆದೆ. ‘ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕಾಣುತ್ತಿದೆ’ ಅಂತ ಉತ್ತರ ಬಂತು. ಕಾಣದೆ ಏನು, ಅವರಿಗಿನ್ನೂ ಚಾಳೀಸು ಬಂದಿರಲಿಕ್ಕಿಲ್ಲ.

ಸಿಟ್ಟಿನಲ್ಲಿ ನನ್ನದೇ ಸ್ಟೈಲ್‌ಶೀಟ್, ಅಂದರೆ ಪುಟ ಹೇಗೆ ಕಾಣಬೇಕು ಅನ್ನುವ ನಿಯಮಗಳ ಕಡತ, ಬರೆದೆ. ಫೈರ್‌ಫಾಕ್ಸ್ ಅದಕ್ಕೆ ಇನ್ನೂ ಅವಕಾಶ ಉಳಿಸಿಕೊಂಡಿದೆ. 2019ರ 69ನೇ ಆವೃತ್ತಿಯಿಂದೀಚೆಗೆ ಮಾತ್ರ ಅಬೌಟ್ ಕಾನ್ಫಿಗ್ ಎಂಬ ಒಳಸೆಟ್ಟಿಂಗ್‌ಗಳ ಪುಟಕ್ಕೆ ಹೋಗಿ ಒಂದು ಆಯ್ಕೆ ಆನ್ ಮಾಡಿಕೊಳ್ಳಬೇಕು. ಕ್ರೋಮ್ ಈ ಸೌಲಭ್ಯವನ್ನು 2014ರಲ್ಲೇ ತೆಗೆದುಹಾಕಿತು. ಓದುಗನಿಗೂ ಒಂದು ಮಾತಿರಲಿ ಅನ್ನುವುದು ಈಗ ಹುಟ್ಟಿದ ಹಟವೇನಲ್ಲ. 1994ರಲ್ಲಿ ಹೋಕನ್ ವಿಯುಮ್ ಲೀ ಎಂಬಾತ ಸ್ಟೈಲ್‌ಶೀಟ್ ಬರೆಯುವ ಭಾಷೆಯಾದ ಸಿಎಸ್‌ಎಸ್‌ನ ಮೊದಲ ಪ್ರಸ್ತಾಪ ಮುಂದಿಟ್ಟಾಗಲೇ ಬರೆದವರ ಇಷ್ಟ, ಓದುವವರ ಇಷ್ಟ ಎರಡನ್ನೂ ಬೆರೆಸುವ ಯೋಚನೆ ಅದರಲ್ಲಿತ್ತು. 1996ರ ಸಿಎಸ್‌ಎಸ್ 1ರಲ್ಲಿ ಇಬ್ಬರೂ ತಮ್ಮ ನಿಯಮಕ್ಕೆ ‘ಇಂಪಾರ್ಟೆಂಟ್’ ಅಂತ ಗುರುತು ಹಾಕಿ ಪಟ್ಟು ಹಿಡಿದರೆ ಬರೆದವರು ಗೆಲ್ಲುತ್ತಿದ್ದರು. 1998ರ ಸಿಎಸ್‌ಎಸ್ 2 ಅದನ್ನು ತಿರುವಿ ಹಾಕಿ ಓದುವವರನ್ನು ಗೆಲ್ಲಿಸಿತು. ಆ ನಿಯಮದ ಬಲದ ಮೇಲೆ ಎಲ್ಲ ಬಟನ್‌ಗಳ ಎತ್ತರ ಬಿಚ್ಚುವ ಎರಡು ಸಾಲು ಹಾಕಿದೆ. ಒತ್ತುಗಳು ಬಂದವು. ಜೊತೆಗೆ ಬೇರೆ ಮೂರು ತಾಣಗಳಲ್ಲಿ ಬಟನ್‌ಗಳು ಒಂದರ ಮೇಲೊಂದು ಹತ್ತಿ ಕೂತವು. ಗೆದ್ದೆ, ಆದರೆ ಪುಟವೇ ಕೆಟ್ಟಿತು.

ಇದೇ ಹುಮ್ಮಸ್ಸಿನಲ್ಲಿ ಪುಟಗಳು ತಮ್ಮದೇ ಫಾಂಟ್ ಬಳಸದಂತೆ ತಡೆಯುವ ಟಿಕ್ ಮುಟ್ಟಲು ಹೋಗಬೇಡಿ. ಐಕಾನ್‌ಗಳನ್ನೂ ಫಾಂಟ್‌ನಲ್ಲೇ ಇಡುವವರಿದ್ದಾರೆ. ಭೂತಗನ್ನಡಿಯ ಜಾಗದಲ್ಲಿ ಅಂಕಿ ತುಂಬಿದ ಪುಟ್ಟ ಚೌಕ ಬಂದು ನಿಲ್ಲುತ್ತದೆ. ನಾನು ಎರಡೇ ದಿನಕ್ಕೆ ಕೈಬಿಟ್ಟೆ.

ಡಿಸೈನರ್‌ಗಳ ಮೇಲಿನ ಸಿಟ್ಟು ಇಳಿದದ್ದು ನನ್ನದೇ ಹಳೇ ಪುಟ ತೆರೆದ ದಿನ. ಸ್ನೇಹಿತರ ಓದು ಬಳಗಕ್ಕಾಗಿ ಹಿಂದೊಮ್ಮೆ ನಾನೇ ಮಾಡಿಕೊಟ್ಟ ನೋಂದಣಿ ಪುಟ ಅದು. ಕೊನೆಯ ಬಟನ್ ‘ಸಲಿಸಿ’ ಅಂತಿತ್ತು. ಎತ್ತರ 36 ಪಿಕ್ಸೆಲ್, ಬರೆದವನು ನಾನೇ. ಪಕ್ಕದ ಬಟನ್‌ಗೆ ಸಮ ಬರಲಿ ಅಂತ ಒಂದು ಸಂಜೆಯೆಲ್ಲ ಕೂತು ಹೊಂದಿಸಿದ್ದು ನೆನಪಾಯಿತು. ಆ ಸಂಜೆಯ ಖುಷಿ ಸುಳ್ಳಲ್ಲ. ಸಮನಾಗಿ ನಿಂತ ಎರಡು ಬಟನ್ ನೋಡುವುದೂ ಒಂದು ಸುಖವೇ. ಸರಿಪಡಿಸಲು ಹಿಡಿದದ್ದು ಹತ್ತು ನಿಮಿಷ: ಎತ್ತರ ತೆಗೆದು ಕನಿಷ್ಠ ಎತ್ತರ ಹಾಕಿದೆ, ಮೇಲೆ ಕೆಳಗೆ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಟ್ಟೆ, ಅಕ್ಷರದ ಅಳತೆಯನ್ನು ಪಿಕ್ಸೆಲ್‌ನಿಂದ ರೆಮ್‌ಗೆ (ಪುಟದ ಮೂಲ ಅಕ್ಷರ ಗಾತ್ರಕ್ಕೆ ತಕ್ಕಂತೆ ಹಿಗ್ಗುವ ಮಾನ) ಬದಲಿಸಿದೆ, ಸಾಲಿನ ಎತ್ತರ 1.6 ಮಾಡಿದೆ. ನನ್ನ ಬಣ್ಣ, ನನ್ನ ಫಾಂಟ್, ನನ್ನ ದುಂಡು ಮೂಲೆ ಎಲ್ಲ ಹಾಗೇ ಉಳಿದವು. ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಬಟನ್ ಸ್ವಲ್ಪ ದಪ್ಪ ಕಾಣುತ್ತದೆ, ಅಷ್ಟೆ. ಅಕ್ಷರವನ್ನು 200 ಪ್ರತಿಶತದವರೆಗೆ ಹಿಗ್ಗಿಸಿದರೂ ಪುಟ ಕೆಡಬಾರದು ಅಂತ ವೆಬ್ ಸುಲಭಬಳಕೆಯ ಮಾರ್ಗಸೂಚಿಗಳು 2008ರಿಂದಲೂ ಹೇಳುತ್ತಿವೆ. ಆ ಸಾಲನ್ನು ನಾನೂ ಓದಿದ್ದೆ, ಪುಟ ಮಾಡುವಾಗ ನೆನಪಾಗಿರಲಿಲ್ಲ.

ಹಾಗಾಗಿ ಐದಕ್ಕೆ ನಾಲ್ಕು. ಕಳೆದ ಒಂದು ಅಂಕಕ್ಕೆ ಫೈರ್‌ಫಾಕ್ಸ್ ಹೊಣೆಯಲ್ಲ, ಆದರೂ ಬಳಸುವವನಿಗೆ ತಟ್ಟುವುದು ತಟ್ಟುತ್ತದೆ. ದಿನವಿಡೀ ಲೇಖನ ಓದುವವರಾದರೆ ಕಣ್ಣುಮುಚ್ಚಿ ಹಾಕಿಕೊಳ್ಳಿ. ಫಾರಂ ತುಂಬುವುದೇ ಹೆಚ್ಚಾದರೆ 20 ಬೇಡ, 16ರಿಂದ ಶುರುಮಾಡಿ.

ಆ ‘ರದು’ ತಾಣಕ್ಕೆಂದೇ ಯಾವ ಸೆಟ್ಟಿಂಗೂ ಮುಟ್ಟದ ಇನ್ನೊಂದು ಪ್ರೊಫೈಲ್ ಇಟ್ಟುಕೊಂಡಿದ್ದೇನೆ. ತಿಂಗಳಿಗೊಮ್ಮೆ ಅದನ್ನು ತೆರೆದು, ಕನ್ನಡಕ ಹುಡುಕಿಕೊಂಡು ಬಂದು, ಹಣ ಕಟ್ಟಿ ಮುಚ್ಚುತ್ತೇನೆ.