ಗುಡ್ ಬಿಯರ್ ಗೈಡ್ ಹಿಡಿದು ಬ್ರಿಟನ್ ಸುತ್ತಬಹುದಾ?

ಮಗ ಇಂಗ್ಲೆಂಡಿನಲ್ಲಿದ್ದಾನೆ, ಮಗಳು ಸ್ಕಾಟ್ಲೆಂಡಿನಲ್ಲಿದ್ದಾಳೆ ಅಂತ ನಮ್ಮ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಬೇಸಿಗೆ ಬಂತೆಂದರೆ ಒಂದಷ್ಟು ಜನ ಹೊರಡುತ್ತಾರೆ. ಹೋದವರೆಲ್ಲ ಬಿಗ್ ಬೆನ್, ಟವರ್ ಬ್ರಿಡ್ಜ್ ಮುಂದೆ ನಿಂತು ಒಂದೇ ಥರದ ಫೋಟೋ ಕಳಿಸುತ್ತಾರೆ. ಅಂಥವರು ಗುಡ್ ಬಿಯರ್ ಗೈಡ್ ಅನ್ನುವ ದಪ್ಪ ಪುಸ್ತಕವನ್ನು ಒಮ್ಮೆ ನೋಡಬೇಕು. ಕುಡಿಯದವರೂ ನೋಡಬಹುದು. ಆದರೆ ಅದನ್ನು ಯಾತಕ್ಕೆ ಮಾಡಿದ್ದಾರೆ ಅಂತ ಗೊತ್ತಿದ್ದರೆ ಮಾತ್ರ ಉಪಯೋಗ.

ಇದನ್ನು ತರುವುದು ಕ್ಯಾಮ್ರಾ ಅನ್ನುವ ಸಂಘ. ದೊಡ್ಡ ಕಂಪನಿಗಳು ಎಲ್ಲ ಕಡೆ ಗ್ಯಾಸ್ ತುಂಬಿದ ಬಿಯರನ್ನೇ ತಂದು ಸುರಿಯುತ್ತಿದ್ದ ಕಾಲದಲ್ಲಿ, 1971ರಲ್ಲಿ, ನಾಲ್ಕು ಜನ ಸೇರಿ ಕಟ್ಟಿದ್ದು. ಹಳೆ ಕ್ರಮದ ಬಿಯರ್ ಉಳಿಯಲಿ ಅನ್ನುವುದು ಅವರ ಹಟ. ಪುಸ್ತಕದಲ್ಲಿ ಸುಮಾರು 4,500 ಪಬ್‌ಗಳಿವೆ, ಕೌಂಟಿ ಪ್ರಕಾರ ಜೋಡಿಸಿದ್ದಾರೆ, ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಆರಿಸುವವರು ಆಯಾ ಊರಿನ ಸದಸ್ಯರು, ಸಂಬಳ ಇಲ್ಲದ ಕೆಲಸ. ಪಬ್ಬಿನವರು ದುಡ್ಡು ಕೊಟ್ಟು ಹೆಸರು ಹಾಕಿಸಿಕೊಳ್ಳುವ ಹಾಗಿಲ್ಲ. ನನಗೆ ಇಷ್ಟವಾಗಿದ್ದು ಮುಖ್ಯವಾಗಿ ಇದೇ. ಫೋನಿನಲ್ಲಿ ಸ್ಟಾರ್ ನೋಡಿ ಹೋಟೆಲ್ ಹುಡುಕಿ ಸಾಕಾಗಿರುವವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಅಳತೆಗೋಲು ಮಾತ್ರ ಬಿಯರ್. ಕಟ್ಟಡ ಚೆಂದ ಇದೆ, ಊಟ ಚೆನ್ನಾಗಿದೆ ಅಂತ ಯಾರಿಗೂ ಜಾಗ ಸಿಗುವುದಿಲ್ಲ. ನೆಲಮಾಳಿಗೆಯಲ್ಲಿ ಪೀಪಾಯಿಯನ್ನು ಹೇಗೆ ಇಟ್ಟುಕೊಂಡಿದ್ದಾರೆ ಅನ್ನುವುದೇ ಮುಖ್ಯ. ಆ ಹಳೆ ಕ್ರಮದ್ದಕ್ಕೆ ಕಾಸ್ಕ್ ಬಿಯರ್ ಅನ್ನುತ್ತಾರೆ, ಅದು ಪೀಪಾಯಿಯ ಒಳಗೂ ಹುದುಗುತ್ತಲೇ ಇರುತ್ತದೆ, ಯೀಸ್ಟ್ ಇನ್ನೂ ಜೀವಂತ. ಒಮ್ಮೆ ತೆರೆದರೆ ಎರಡು ಮೂರು ದಿನದಲ್ಲಿ ಖಾಲಿಯಾಗಬೇಕು, ಇಲ್ಲದಿದ್ದರೆ ಕೆಡುತ್ತದೆ. ಹೊರಗಿನಿಂದ ಗ್ಯಾಸ್ ಒತ್ತುವುದಿಲ್ಲ, ಕೌಂಟರಿನಲ್ಲಿರುವ ಉದ್ದ ಹಿಡಿ ಎಳೆದು ಕೈಯಿಂದಲೇ ಪಂಪ್ ಮಾಡಿ ಕೊಡುತ್ತಾರೆ. 11ರಿಂದ 13 ಡಿಗ್ರಿಯಷ್ಟು ತಂಪು, ಅಷ್ಟೇ. ಐಸ್ ಹಾಗಿರುವ ಬಾಟಲಿ ತೆರೆದು ರೂಢಿ ಇರುವ ನಮ್ಮವರಿಗೆ ಮೊದಲ ಗುಟುಕಿಗೇ 'ಏನ್ ಮಾರಾಯಾ, ಬಿಸಿಲಲ್ಲಿ ಇಟ್ಟಿದ್ರಾ?' ಅನ್ನಿಸುತ್ತದೆ. ಅರ್ಧ ಲೋಟ ಆದ ಮೇಲೆ ರುಚಿ ಬಿಚ್ಚಿಕೊಳ್ಳುತ್ತದೆ. ಬಿಟರ್ ಅನ್ನುವ ಬಗೆಯಲ್ಲಿ ಆಲ್ಕೋಹಾಲ್ ನೂರಕ್ಕೆ ನಾಲ್ಕರ ಆಸುಪಾಸು, ಇಲ್ಲಿ ಸಿಗುವ ಸ್ಟ್ರಾಂಗ್ ಬಿಯರಿನ ಅರ್ಧ. ಪೈಂಟ್ ಅಂದರೆ 568 ಎಂಎಲ್. ಅರ್ಧ ಪೈಂಟ್ ಕೇಳಿದರೂ ಯಾರೂ ನಗುವುದಿಲ್ಲ, ನಾನು ಜಾಸ್ತಿ ಕೇಳಿದ್ದು ಅದನ್ನೇ.

ಹೆಸರುವಾಸಿ ಹಳೆ ಪಬ್ ನೋಡಬೇಕು ಅನ್ನುವವರಿಗೆ ಇದೊಂದೇ ಪುಸ್ತಕ ಸಾಲದು. ಲಂಡನ್ ಬ್ರಿಡ್ಜ್ ಸ್ಟೇಷನ್ ಹತ್ತಿರ ಜಾರ್ಜ್ ಇನ್ ಇದೆ, 1676ರ ಬೆಂಕಿಯ ನಂತರ ಮತ್ತೆ ಕಟ್ಟಿದ್ದು. ಮರದ ಉದ್ದ ಜಗುಲಿಗಳು ಹಾಗೇ ಇವೆ, ಈಗ ಅದು ಹಳೆ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಯ ಆಸ್ತಿ. ಕೇಂಬ್ರಿಡ್ಜಿನ ಈಗಲ್ ಪಬ್‌ನಲ್ಲಿ 1953ರಲ್ಲಿ ವಿಜ್ಞಾನಿ ಫ್ರಾನ್ಸಿಸ್ ಕ್ರಿಕ್ ಡಿಎನ್‌ಎ ಗುಟ್ಟು ಸಿಕ್ಕಿತು ಅಂತ ಊಟಕ್ಕೆ ಕೂತವರಿಗೆಲ್ಲ ಹೇಳಿದ ಅನ್ನುವ ಕಥೆ ಇದೆ. ಅದಕ್ಕಿಂತ ನನ್ನನ್ನು ನಿಲ್ಲಿಸಿದ್ದು ಅಲ್ಲಿನ ಚಾವಣಿ. ಎರಡನೇ ಮಹಾಯುದ್ಧದ ವಾಯುಪಡೆ ಹುಡುಗರು ಮೇಣದಬತ್ತಿ, ಲೈಟರ್ ಹೊಗೆಯಲ್ಲಿ ಬರೆದ ಹೆಸರುಗಳು ಈಗಲೂ ಇವೆ. ಲಿವರ್‌ಪೂಲಿನ ಫಿಲ್‌ಹಾರ್ಮೋನಿಕ್ ಪಬ್‌ನಲ್ಲಿ ಗಂಡಸರ ಶೌಚಾಲಯವೇ ಪ್ರವಾಸಿ ಸ್ಥಳ, ಸುಮ್ನೆ ಹೇಳುತ್ತಿಲ್ಲ, ಅಷ್ಟು ಚೆಂದದ ಅಮೃತಶಿಲೆ ಕೆಲಸ. ನಾಟಿಂಗ್‌ಹ್ಯಾಮ್‌ನಲ್ಲಿ ಬಂಡೆಗೆ ಒರಗಿಸಿ ಕಟ್ಟಿದ, ಒಳಗೆ ಗುಹೆ ಇರುವ ಟ್ರಿಪ್ ಟು ಜೆರುಸಲೇಮ್ ತನ್ನ ಗೋಡೆ ಮೇಲೆ 1189 ಅಂತ ಬರೆದುಕೊಂಡಿದೆ. ಈಗಿರುವ ಕಟ್ಟಡ ಹದಿನೇಳನೇ ಶತಮಾನದ್ದು. ಅದೇ ಊರಿನ ಇನ್ನೆರಡು ಪಬ್‌ಗಳೂ ನಾವೇ ಹಳಬರು ಅನ್ನುತ್ತವೆ. ನಮ್ಮಲ್ಲಿ ಯಾವ ಕಾಡಿನ ಗುಡಿ ಕಂಡರೂ ಪಾಂಡವರು ಕಟ್ಟಿಸಿದ್ದು ಅನ್ನುವುದಿಲ್ಲವಾ, ಹಾಗೇ.

ಪುಸ್ತಕ ನಿಜವಾಗಿ ಕೆಲಸಕ್ಕೆ ಬರುವುದು ಸಣ್ಣ ಊರುಗಳಲ್ಲಿ. ಲಂಡನ್‌ನಲ್ಲಿ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ಯಾರ್ಕ್‌ಷೈರಿನ ಯಾವುದೋ ಸಂತೆ ಊರಿನಲ್ಲಿ ರೈಲು ಇಳಿದು, ಮಳೆಯಲ್ಲಿ ಛತ್ರಿ ಹಿಡಿದು ನಿಂತಾಗ ಎಡಕ್ಕೋ ಬಲಕ್ಕೋ ಅಂತ ಹೇಳುವವರು ಬೇಕು. ಸ್ಟೇಷನ್ ಹತ್ತಿರವಾ, ಯಾವ ನಂಬರ್ ಬಸ್ಸು, ಒಳಗೆ ಸೌದೆ ಒಲೆ ಉರಿಯುತ್ತದಾ, ನಾಯಿ ಬಿಡುತ್ತಾರಾ, ಕಟ್ಟಡದ ಒಳಭಾಗ ಹಳೆಯದಾ, ಎಲ್ಲಕ್ಕೂ ಸಣ್ಣ ಗುರುತುಗಳಿವೆ. ನನ್ನ ಹೆಂಡತಿ ಬಿಯರ್ ಮುಟ್ಟುವುದಿಲ್ಲ. ಅವಳು ಬೆಂಕಿಯ ಗುರುತು ಇರುವ ಪಬ್ ಮಾತ್ರ ಆರಿಸುತ್ತಿದ್ದಳು, ಒಲೆ ಪಕ್ಕ ಟೀ ಹಿಡಿದು ಕೂತರೆ ಊರಿನ ಅಜ್ಜಿಯರೇ ಬಂದು ಮಾತಾಡಿಸುತ್ತಿದ್ದರು. ಇಲ್ಲಿ ಬಾರ್ ಅಂದರೆ ಪರದೆ, ಕತ್ತಲೆ, ಹೆಂಗಸರು ಬಾಗಿಲ ಹತ್ತಿರವೂ ಹೋಗದ ಜಾಗ. ಅಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಮಧ್ಯಾಹ್ನದ ಊಟಕ್ಕೆ ಬರುತ್ತಾರೆ. ಇಂಗ್ಲೆಂಡಿನ ಉತ್ತರದಲ್ಲಿ ಟಾನ್ ಹಿಲ್ ಇನ್ ಅಂತ ಬ್ರಿಟನ್ನಿನ ಅತಿ ಎತ್ತರದ ಪಬ್ ಇದೆ, 528 ಮೀಟರ್. ನಮ್ಮ ಆಗುಂಬೆಯೇ ಅದಕ್ಕಿಂತ ಮೇಲಿದೆ, ಆದರೆ ಆ ಗಾಳಿ ಆಗುಂಬೆಯಲ್ಲಿ ಇಲ್ಲ ಬಿಡಿ.

ಸಸ್ಯಾಹಾರಿಗಳಿಗೆ ಎರಡು ಮಾತು. ಬ್ರೆಡ್ಡು, ಚೀಸು, ಉಪ್ಪಿನಕಾಯಿ ಥರದ ಪಿಕಲ್ ಇಟ್ಟು ಕೊಡುವ ಪ್ಲೌಮನ್ಸ್ ಲಂಚ್ ಬಹಳ ಕಡೆ ಸಿಗುತ್ತದೆ. ಆಲೂಗಡ್ಡೆ ಚಿಪ್ಸ್ (ಅಲ್ಲಿ ಚಿಪ್ಸ್ ಅಂದರೆ ಫ್ರೆಂಚ್ ಫ್ರೈಸ್ ಥರದ್ದು) ಅಂತ ಕಣ್ಣು ಮುಚ್ಚಿ ತಿನ್ನಬೇಡಿ, ಯಾರ್ಕ್‌ಷೈರಿನಲ್ಲಿ ದನದ ಕೊಬ್ಬಿನಲ್ಲಿ ಕರಿಯುವ ಪದ್ಧತಿ ಇದೆ, ಕೇಳಿಯೇ ತಗೊಳ್ಳಿ. ಅಡುಗೆಮನೆ ಮಧ್ಯಾಹ್ನ ಎರಡೂವರೆ ಹೊತ್ತಿಗೆ ಮುಚ್ಚಿದರೆ ಸಂಜೆವರೆಗೂ ಪೊಟ್ಟಣದ ಕ್ರಿಸ್ಪ್ಸೇ, ಅಂದರೆ ನಮ್ಮ ಚಿಪ್ಸೇ, ಗತಿ. ಟೇಬಲ್ಲಿಗೆ ಯಾರೂ ಬರುವುದಿಲ್ಲ, ನೀವೇ ಕೌಂಟರಿಗೆ ಹೋಗಿ ದುಡ್ಡು ಕೊಟ್ಟು ತರಬೇಕು. ನಮ್ಮವರು ಕೂತು ಕಾಯುತ್ತಾರೆ, ಕಾಯುತ್ತಲೇ ಇರುತ್ತಾರೆ.

ಬೇಜಾರುಗಳೂ ಇವೆ. ಪುಸ್ತಕ ಭಾರ, ಅಕ್ಷರ ಸಣ್ಣ, ಕನ್ನಡಕ ಮರೆತರೆ ಮುಗಿಯಿತು. ಹಳೆ ಪ್ರತಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅಲ್ಲಿ ಪಬ್‌ಗಳು ಮುಚ್ಚುವ ವೇಗ ನೋಡಿದರೆ ಒಂದು ಫೋನ್ ಮಾಡಿ ಹೊರಡುವುದು ವಾಸಿ. ಸೋಮವಾರ ಬಾಗಿಲು ತೆರೆಯದ ಹಳ್ಳಿ ಪಬ್‌ಗಳು ಬೇಕಾದಷ್ಟಿವೆ, ಭಾನುವಾರ ಬಸ್ಸೇ ಇರುವುದಿಲ್ಲ. ಕಾರು ಬಾಡಿಗೆಗೆ ತಗೊಂಡವರು ಕುಡಿಯಲೇಬೇಡಿ, ಸ್ಕಾಟ್ಲೆಂಡಿನಲ್ಲಂತೂ 2014ರಿಂದ ಮಿತಿ ಇಂಗ್ಲೆಂಡಿಗಿಂತ ಬಿಗಿ.

ಶಿವಮೊಗ್ಗದವರು ಯಾರಾದರೂ ಈ ಸಲ ಹೊರಟಿದ್ದರೆ ನನ್ನ ಪ್ರತಿ ತಗೊಂಡು ಹೋಗಬಹುದು. ಯಾರ್ಕ್‌ಷೈರ್ ಪುಟಗಳಲ್ಲಿ ಹೆಂಡತಿ ಪೆನ್ಸಿಲ್ಲಿನಲ್ಲಿ ಟಿಕ್ ಹಾಕಿದ್ದಾಳೆ, ಟೀ ಚೆನ್ನಾಗಿತ್ತು ಅಂತ ಅರ್ಥ. ಅಳಿಸದೆ ವಾಪಸ್ ಕೊಡಿ.