ನಾಟಕಕ್ಕ ಕತ್ತಿ ಫೈಟ್ ಕಲಿಸೋ ಮಾಸ್ತರ್ರು, ಕಲಬುರಗಿ: ಕರೆಸಬಹುದು, ರೊಕ್ಕ ದಂಡ ಆಗೂದಿಲ್ಲ

ಸುರಪುರದ ರಾಜಾ ವೆಂಕಟಪ್ಪ ನಾಯಕನ ಮ್ಯಾಲ ನಾಟಕ ಮಾಡಬೇಕಂದ್ರ 1858ರಾಗ ಅಂವ ಬ್ರಿಟಿಷರ ಜೋಡಿ ಮಾಡಿದ ಲಡಾಯಿ ಬಿಟ್ಟು ಮಾಡೂದು ಸಾಧ್ಯ ಇಲ್ಲ. ಹವ್ಯಾಸಿ ತಂಡದಾಗ ಇಂಥ ಸೀನ್ ಬಂದ್ರ ಏನ್ ಮಾಡ್ತಾರ ಗೊತ್ತದಲ್ಲ, "ಇಬ್ರೂ ಹೊಡೆದಾಡ್ರಿ, ಮ್ಯೂಸಿಕ್ ನಿಂತಕೂಡ್ಲೇ ನೀ ಬೀಳು" ಅಂತ ಹೇಳಿ ಬಿಟ್ಟುಬಿಡ್ತಾರ, ಆಮ್ಯಾಲ ಶೋ ದಿನ ಜೋಶ್ ಏರಿ ಯಾರದೋ ಬೆರಳು ಹೋಗ್ತದ. ಅದಕ್ಕ ಈ ನಾಟಕ ಮಾಡುವಾಗ ನಮ್ಮ ಡೈರೆಕ್ಟರ್ ಫೈಟಿಗಂತಲೇ ಬ್ಯಾರೆ ಮಾಸ್ತರ್ರನ್ನ ಕರೆಸಿದ್ರು. ಎಸ್.ಎಂ. ಪಂಡಿತ್ ರಂಗಮಂದಿರದ ಕಡಿ ಓಡಾಡೋ ನಾಟಕದ ಮಂದೀನ್ನ ಕೇಳ್ರಿ, ಅವರ ನಂಬರ್ ಸಿಗ್ತದ.

ಬಂದವರೇ ಮೊದಲು ನಮ್ಮ ಕತ್ತಿ ಎಲ್ಲಾ ತರಿಸಿ ನೋಡಿದ್ರು. ಗ್ವಾಡಿಗೆ ತೂಗಹಾಕೋ ಶೋಕಿ ಕತ್ತಿ ಎಲ್ಲಾ ಪಕ್ಕಕ್ಕಿಟ್ರು, ಯಾಕಂದ್ರ ಅವುಗಳ ಹಿಡಿ ಒಳಗ ಹೋಗಿರೋ ಕಬ್ಬಿಣದ ತುಂಡು ಭಾಳ ಸಣ್ಣದಿರ್ತದ, ಜೋರಾಗಿ ಬೀಸಿದಾಗ ಅದು ಮುರೀತಂದ್ರ ಅಲಗು ಸೀದಾ ಮುಂದಿನ ಸಾಲಿಗೇ ಹೋಗ್ತದ. ಉಳಿದ ಕತ್ತೀನೂ ಬಟ್ಟಿ ಹಿಡಿದು ಅಂಚು ಸವರಿ ನೋಡಿ, ಎಲ್ಲಿ ಕಚ್ಚು ಎದ್ದಿತ್ತೋ ಅಲ್ಲಿ ಅರ ಹಾಕಿ ತಿಕ್ಕಿಸಿದ್ರು. ಮೊಂಡ ಕತ್ತೀನೂ ಒಂದಕ್ಕೊಂದು ತಾಗಿ ತಾಗಿ ಗರಗಸದಂಗ ಆಗ್ತದಂತ, ಹಂಗಾಗಿ ದಿನಾ ತಾಲೀಮು ಮುಗಿದ ಮ್ಯಾಲ ಇದೇ ಕೆಲಸ. 2008ರಾಗ ವಿಯೆನ್ನಾದ ಬುರ್ಗ್‌ಥಿಯೇಟರ್‌ನಾಗ ಒಬ್ಬ ನಟ ಮೊಂಡ ಚಾಕು ಅಂತ ತಿಳಿದು ಖರೇ ಚಾಕು ಕುತ್ತಿಗಿ ಮ್ಯಾಲ ಎಳಕೊಂಡಿದ್ದ, ಪುಣ್ಯಕ್ಕ ಜೀವ ಉಳೀತು, ಮಂದಿ ಮೊದಲು ಅದನ್ನ ನಟನೆನೇ ಅಂದ್ಕೊಂಡಿದ್ರಂತ. ಅಷ್ಟು ದೊಡ್ಡ ರಂಗಮಂದಿರದಾಗೇ ಹಂಗಾದ ಮ್ಯಾಲ ನಮ್ಮಂಥವರು ಎಷ್ಟು ನೋಡಿಕೊಂಡ್ರೂ ಕಡಿಮಿನೇ.

ಇನ್ನ ಕಲಿಸೋ ರೀತಿ. ಇದಕ್ಕೇ ನಾ ಪೂರಾ ಮಾರ್ಕ್ಸ್ ಕೊಡ್ತೀನಿ. ಮೊದಲ ತಾಲೀಮಿನಾಗ ಕತ್ತಿನೇ ಮುಟ್ಟಿಸಲಿಲ್ಲ, ಬರೇ ಬೀಳೂದು ಕಲಿಸಿದ್ರು, ಮೊಣಕಾಲು ಮೊಣಕೈ ನೆಲಕ್ಕ ಕೊಡದಂಗ ಕುಂತು ತೊಡಿ ಮ್ಯಾಲಿಂದ ಉರುಳೂದು. ಆಮ್ಯಾಲ ಕಪಾಳಕ್ಕ ಹೊಡಿಯೂದು. ಹೊಡಿಯೋನ ಕೈ ಮಾರಿ ಹತ್ರಾನೂ ಬರೂದಿಲ್ಲ, ನಡುವ ಒಂದು ತೋಳಿನಷ್ಟು ಜಾಗ ಇರ್ತದ, ಇಬ್ಬರಾಗ ಒಬ್ಬನ ಬೆನ್ನು ಮಂದಿ ಕಡಿ ಇದ್ರ ಆ ಜಾಗ ಕಾಣೂದಿಲ್ಲ, ಪೆಟ್ಟು ತಿನ್ನೋನೇ ಎದಿ ಹತ್ರ ಸಣ್ಣಗ ಚಪ್ಪಾಳಿ ಹೊಡೀತಾನ, ಅದೇ ಸದ್ದು! ಕೂದಲು ಹಿಡಿದು ಎಳಿಯೂದೂ ಹಂಗೇ, ಎಳಿಯೋನ ಮುಷ್ಟಿ ತಲಿ ಮ್ಯಾಲ ಸುಮ್ಮನ ಕುಂತಿರ್ತದ, ಅದನ್ನ ಎರಡೂ ಕೈಲೆ ಹಿಡಕೊಂಡು ಒದ್ದಾಡಿಕೋತ ಹೋಗೂದು ಎಳಿಸಿಕೊಳ್ಳೋನ ಕೆಲಸ. ನಮ್ಮ ಹುಡುಗೀರು ಇದನ್ನ ಎಷ್ಟು ಛಲೋ ಮಾಡಿದ್ರಂದ್ರ ನೋಡಾಕ ಬಂದ ಒಬ್ಬ ತಾಯಿ ಎದ್ದೇ ನಿಂತುಬಿಟ್ಲು.

ಕತ್ತಿಗೆ ಬಂದಾಗ ಒಂದೇ ನಿಯಮ, ಎದುರಿನವನ ಕಣ್ಣು ನೋಡು, ಅಂವ ರೆಡಿ ಅಂತ ಕಂಡ ಮ್ಯಾಲ ಕೈ ಎತ್ತು. ತಿವಿತ ಮೈ ಕಡಿ ಬರೂದಿಲ್ಲ, ಸೊಂಟದ ಬಾಜೂಕ ಹೋಗ್ತದ. ಎಲ್ಲಾನೂ ನಿಧಾನ, ಅಂದ್ರ ಬೋರ್ ಹೊಡಿಯೋ ಅಷ್ಟು ನಿಧಾನ ಮಾಡಿಸಿದ್ರು, ಒಂದು ಪಟ್ಟು ತಪ್ಪಿದ್ರ ಮತ್ತ ಮೊದಲಿಂದ. ಸಣ್ಣ ಹುಡುಗರು ಗೊಣಗಿದ್ರು, ಖರೇ ಹೇಳ್ತೀನಿ, ಶೋದಾಗ ಒಬ್ಬನ ಪೇಟ ಜಾರಿ ಕಣ್ಣಿಗೆ ಬಂದಾಗ ಎದುರಿನ ಹುಡುಗ ತಟ್ಟನೇ ಕೈ ತಡೆದು ನಿಂತನಲ್ಲ, ಅದು ಆ ನಿಧಾನದ ತಾಲೀಮಿನಿಂದಾನೇ ಬಂದದ್ದು. ಶೋ ಮೊದಲು ಪೂರಾ ಡ್ರೆಸ್‌ನಾಗ, ಲೈಟ್ ಹಾಕಿ ಎಲ್ಲಾ ಫೈಟ್ ಒಮ್ಮೆ ಮಾಡಿಸ್ತಾರ, ಇದನ್ನ ಬಿಡಂಗೇ ಇಲ್ಲ. ಬಂದೂಕು ಕಟಗಿದು, ಸದ್ದು ವಿಂಗ್ ಒಳಗಿಂದ, ಅಂದ್ರ ಸ್ಟೇಜಿನ ಬಾಜೂಕ ಪರದೆ ಮರಿಯಿಂದ, ಮದ್ದು ಗಿದ್ದು ಬ್ಯಾಡೇ ಬ್ಯಾಡ ಅಂದ್ರು, ಸರಿನೂ ಅದ.

ಕೊರತಿ ಇಲ್ಲಂತಲ್ಲ. ಇಬ್ಬಿಬ್ಬರ ಕಾಳಗ ಎಷ್ಟು ಮಸ್ತ್ ಬಂತೋ ದಂಡಿನ ಕಾಳಗ ಅಷ್ಟೇ ಸಪ್ಪಗ. ಎಲ್ಲಾರೂ ಒಂದೇ ಎಣಿಕಿಗೆ ಕತ್ತಿ ಎತ್ತಿ ಇಳಿಸ್ತಾರ, ಸ್ಕೂಲ್ ಡ್ರಿಲ್ ಕಂಡಂಗ ಕಾಣ್ತದ. ನಮ್ಮ ಕಡಿ ದೊಡ್ಡಾಟ ಅಂತ ಬಯಲಾಟ ಅದ, ಅದರಾಗ ಕುಣಿತದ ಹೆಜ್ಜಿ, ಮದ್ದಲಿ ಪೆಟ್ಟಿನ ಮ್ಯಾಲೇ ಯುದ್ಧ ಕಟ್ತಾರ, ಕತ್ತಿ ತಾಗಿಸೋ ಜರೂರತ್ತೇ ಬರೂದಿಲ್ಲ. ಆ ಹೆಜ್ಜಿ ತಗೊಂಡಿದ್ರ ದಂಡಿನ ಸೀನ್ ಎದ್ದು ನಿಲ್ತಿತ್ತು ಅಂತ ನನಗ ಈಗೂ ಅನಿಸ್ತದ, ಮಾಸ್ತರ್ರಿಗೂ ಹೇಳೀನಿ, ಮುಂದಿನ ಸಲ ನೋಡೋಣ ಅಂದಾರ. ಇನ್ನೊಂದು, ಫೈಟ್ ನಡುವ ಡೈಲಾಗ್ ಇದ್ರ ಉಸಿರು ಹೆಂಗ ಹಿಡೀಬೇಕಂತ ಹೇಳಿಕೊಡಲಿಲ್ಲ, ನಾಯಕನ ಪಾತ್ರದ ಹುಡುಗನ ಮಾತು ಹಿಂದಿನ ಸಾಲಿಗೆ ಕೇಳಲೇ ಇಲ್ಲ.

ಫೀಸ್ ನಾವು ಲೈಟಿಂಗಿಗೆ ಕೊಟ್ಟಿದ್ದಕ್ಕಿಂತ ಕಡಿಮಿ. ಊಟ, ಬಸ್ ಚಾರ್ಜ್ ನಮ್ಮದೇ. ಕತ್ತಿ ಅವರು ತರಂಗಿಲ್ಲ, ನೀವೇ ಹೊಂದಿಸ್ಬೇಕು. ಬೀದರ್, ಯಾದಗಿರಿಗೂ ಬರ್ತಾರ. ಆದ್ರ ಶೋ ವಾರದಾಗ ಕರೆಯಾಕ ಹೋಗಬ್ಯಾಡ್ರಿ, ಡೈಲಾಗ್ ಬಾಯಿಪಾಠ ಆದ ಕೂಡ್ಲೇ ಕರೀರಿ, ಕೈಯಾಗ ಸ್ಕ್ರಿಪ್ಟ್ ಹಿಡಕೊಂಡವರಿಗೆ ಅವರು ಕತ್ತಿ ಕೊಡೂದಿಲ್ಲ.