ಹದಿನಾಲ್ಕು ತಿಂಗಳ ಬಾಡಿಗೆ ಸ್ಕೂಟರ್: ಸವಾರಿಗೆ ನಂಬಿದೆ, ರೊಕ್ಕಕ್ಕೆ ನಂಬಲಿಲ್ಲ

ನನ್ನ ಮನೆ ಧಾರವಾಡದ ಸಪ್ತಾಪುರದಲ್ಲಿ, ಲೆಕ್ಕಪತ್ರದ ಕೆಲಸ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ. ಎರಡೂರುಗಳ ನಡುವಿನ ಇಪ್ಪತ್ತು ಚಿಲ್ಲರೆ ಕಿಲೋಮೀಟರನ್ನು ಚಿಗರಿ ಬಸ್ಸು ಸಲೀಸಾಗಿ ದಾಟಿಸುತ್ತದೆ. ತಾಪತ್ರಯವೆಲ್ಲ ಹುಬ್ಬಳ್ಳಿಯ ಹೊಸೂರಿನಲ್ಲಿ ಇಳಿದ ಮೇಲಿನದು. ಅಲ್ಲಿಂದ ಕಚೇರಿಗೆ ಬಿಸಿಲಿಗೊಂದು, ಮಳೆಗೊಂದು ದರ ಹೇಳುವ ಆಟೋಗಳಿಗೆ ಬೇಸತ್ತು, ಆಗಷ್ಟೇ ಶುರುವಾಗಿದ್ದ ಬಾಡಿಗೆ ಸ್ಕೂಟರ್ ಸೇವೆಯೊಂದಕ್ಕೆ ಸೇರಿದೆ. ಈಗ ಹದಿನಾಲ್ಕು ತಿಂಗಳಾದವು. ಕಂಪನಿಯೊಂದಿಗೆ ಸಣ್ಣದೊಂದು ಹಣದ ತಕರಾರು ಇನ್ನೂ ಬಾಕಿಯಿರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಸವಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ್ಯಪ್ ತೆರೆದು ಕ್ಯೂಆರ್ ಕೋಡ್ ತೋರಿಸಿದರೆ ಬೀಗ ತೆರೆಯುತ್ತದೆ, ಪೆಟ್ರೋಲು ಬಹುತೇಕ ಇರುತ್ತದೆ, ಹೆಲ್ಮೆಟ್ಟಿನ ಒಳಬಟ್ಟೆ ಮಾತ್ರ ಮಳೆಗಾಲದಲ್ಲಿ ಮೂಗಿಗೆ ಹಿಡಿಸುವಂಥದ್ದಲ್ಲ. ಇಷ್ಟು ದಿನಗಳಲ್ಲಿ ಗಾಡಿ ದಾರಿಯಲ್ಲಿ ನಿಂತದ್ದು ನಾಲ್ಕು ಸಲ. ಹಿಂದಿನ ಬ್ರೇಕು ಸಡಿಲವಾಗಿದೆಯೆಂದು ದೂರಿತ್ತ ಮರುದಿನ ಬೆಳಿಗ್ಗೆಯೇ ಅದನ್ನು ಬಿಗಿ ಮಾಡಿಸಿದ್ದರು.

ಆದರೆ ಸವಾರಿ ಚೆನ್ನಾಗಿದೆ ಎಂಬುದರಿಂದ ಕಂಪನಿ ಗಟ್ಟಿಯಾಗಿದೆ ಎಂದು ತೀರ್ಮಾನಿಸಲಾಗದು ಎಂಬುದಕ್ಕೆ ಬ್ಲೂಸ್ಮಾರ್ಟ್ ಎಂಬ ಟ್ಯಾಕ್ಸಿ ಕಂಪನಿ ನಮ್ಮ ಕಣ್ಣೆದುರೇ ಇದೆ. ದೆಹಲಿ ಸುತ್ತಮುತ್ತ ಮತ್ತು ಬೆಂಗಳೂರಿನಲ್ಲಿ ಓಡುತ್ತಿದ್ದ ಅದರ ವಿದ್ಯುತ್ ಕಾರುಗಳನ್ನು, ಚಾಲಕರ ನಡತೆಯನ್ನು ಹೊಗಳದ ಗ್ರಾಹಕರೇ ಕಡಿಮೆ. 2025ರ ಏಪ್ರಿಲ್ 15ರಂದು ಷೇರು ಪೇಟೆಯ ನಿಯಂತ್ರಕ ಸೆಬಿ, ಬ್ಲೂಸ್ಮಾರ್ಟ್‌ನ ಸೋದರ ಸಂಸ್ಥೆ ಜೆನ್ಸಾಲ್ ಎಂಜಿನಿಯರಿಂಗ್ ಕಾರು ಖರೀದಿಗೆಂದು ತಂದ ಸಾಲವನ್ನು ಬೇರೆಡೆಗೆ ತಿರುಗಿಸಿದೆಯೆಂದು ಮಧ್ಯಂತರ ಆದೇಶದಲ್ಲಿ ಹೇಳಿತು: 6,400 ಕಾರುಗಳಿಗೆಂದು ಪಡೆದ ಸಾಲದಲ್ಲಿ ಕೊಂಡದ್ದು 4,704 ಮಾತ್ರ. ಒಂದೆರಡು ದಿನಗಳಲ್ಲೇ ಆ್ಯಪಿನಲ್ಲಿ ಬುಕಿಂಗ್ ನಿಂತಿತು, ಆ್ಯಪಿನ ವ್ಯಾಲೆಟ್ಟಿನಲ್ಲಿ ಮುಂಗಡವಾಗಿ ಹಣ ತುಂಬಿಟ್ಟಿದ್ದವರು ಮರುಪಾವತಿಗೆ ಕಾಯುತ್ತ ಕುಳಿತರು. ಕಾರು ಹಿಂದಿನ ದಿನದವರೆಗೂ ಚೊಕ್ಕಟವಾಗಿಯೇ ಇತ್ತು.

ಹಾಗಾಗಿ ಈ ಸ್ಕೂಟರ್ ಕಂಪನಿಯನ್ನು ಪರೀಕ್ಷಿಸಲು ನಾನು ನನ್ನ ಕಸುಬಿನ ದಾರಿಯನ್ನೇ ಹಿಡಿದೆ. ಮೊದಲು ಕಂಪನಿಯ ನೋಂದಣಿ ಸಂಖ್ಯೆ. ಇಪ್ಪತ್ತೊಂದು ಅಕ್ಷರಗಳ ಆ ಸಂಖ್ಯೆಯೇ ಒಂದು ಜಾತಕ: ಮೊದಲ ಅಕ್ಷರ ಷೇರು ಪೇಟೆಯಲ್ಲಿ ಇದೆಯೋ ಇಲ್ಲವೋ ಎಂಬುದನ್ನು, ಮುಂದಿನ ಐದು ಅಂಕಿ ವ್ಯವಹಾರದ ಬಗೆಯನ್ನು, ಆಮೇಲಿನ ಎರಡು ಅಕ್ಷರ ರಾಜ್ಯವನ್ನು, ಅದರ ಮುಂದಿನ ನಾಲ್ಕು ಅಂಕಿ ಹುಟ್ಟಿದ ಇಸವಿಯನ್ನು ಹೇಳುತ್ತವೆ. ಆ್ಯಪಿನಲ್ಲಿ ‘ಐದು ವರ್ಷಗಳ ಅನುಭವ’ ಎಂದಿತ್ತು. ಇಸವಿ ನೋಡಿದರೆ ಕಂಪನಿಗೆ ಆಗಿನ್ನೂ ಎರಡು ತುಂಬಿರಲಿಲ್ಲ. ಇದು ದೊಡ್ಡ ಅಪರಾಧವಲ್ಲ, ಸ್ಥಾಪಕರ ಹಿಂದಿನ ನೌಕರಿಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿರಬಹುದು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ವಾರ್ಷಿಕ ಲೆಕ್ಕಪತ್ರ ಸಲ್ಲಿಸಿದ ದಾಖಲೆ ಸಿಕ್ಕಿತು. ಅದು ಸಮಾಧಾನದ ವಿಷಯ, ಏಕೆಂದರೆ ಹೊಸ ಕಂಪನಿಗಳು ಮೊದಲು ತಪ್ಪಿಸುವುದು ಅದನ್ನೇ.

ಎರಡನೆಯದು ನಂಬರ್ ಪ್ಲೇಟು. ಚಾಲಕನಿಲ್ಲದೆ ಬಾಡಿಗೆಗೆ ಕೊಡುವ ಪೆಟ್ರೋಲ್ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಮೊದಲ ತಿಂಗಳುಗಳಲ್ಲಿ ಎಲ್ಲವೂ ಹಾಗೆಯೇ ಇದ್ದವು. ಏಳನೆಯ ತಿಂಗಳಲ್ಲಿ ಸ್ಟ್ಯಾಂಡಿನ ಮೂಲೆಯಲ್ಲಿ ಬಿಳಿ ಫಲಕದ ಮೂರು ಸ್ಕೂಟರ್ ಕಂಡವು, ಅಂದರೆ ಖಾಸಗಿ ಬಳಕೆಗೆ ನೋಂದಣಿಯಾದವು. ವಾಹನಗಳ ದಾಖಲೆ ತೋರಿಸುವ ಸರ್ಕಾರಿ ಆ್ಯಪ್ ಎಂಪರಿವಾಹನ್‌ನಲ್ಲಿ ನಂಬರು ಹಾಕಿ ನೋಡಿದೆ. ವಿಮೆ ಇತ್ತು, ಆದರೆ ಗಾಡಿಗಳು ಬಾಡಿಗೆಯ ವರ್ಗದಲ್ಲಿ ನೋಂದಣಿಯಾಗಿರಲಿಲ್ಲ. ಅಪಘಾತವಾದರೆ ವಿಮಾ ಕಂಪನಿ ಕೈಯೆತ್ತಲು ಇಷ್ಟೇ ಸಾಕು. ಸ್ಟ್ಯಾಂಡ್ ನೋಡಿಕೊಳ್ಳುವ ಹುಡುಗನನ್ನು ಕೇಳಿದಾಗ, “ಸರ್ರ, ಅವು ಎಲ್ಲಿಂದ ಬಂದಾವು ನನಗೂ ಗೊತ್ತಿಲ್ರೀ, ನೀವು ಕರೇ ಪಾಟಿವೇ ತಗೊಳ್ರಿ” ಎಂದ. ನಾನು ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಮೂರು ವಾರಗಳಲ್ಲಿ ಆ ಗಾಡಿಗಳು ಮಾತ್ರ ಕಾಣೆಯಾದವು.

ಮೂರನೆಯದು ಠೇವಣಿ, ನನ್ನ ಅಸಮಾಧಾನದ ಮೂಲ. ತಿಂಗಳ ಯೋಜನೆಗೆ ಸೇರುವಾಗ ₹1,500 ಕಟ್ಟಿದ್ದೆ. ಸಾವಿರ ಜನ ಹೀಗೆ ಕಟ್ಟಿದರೆ ಕಂಪನಿಯ ಕೈಯಲ್ಲಿ ಬಡ್ಡಿಯಿಲ್ಲದ ಹದಿನೈದು ಲಕ್ಷ ರೂಪಾಯಿ ಕೂಡುತ್ತದೆ. ವ್ಯಾಲೆಟ್ಟಿನ ಸ್ಥಿತಿಯೂ ಹೆಚ್ಚು ಬೇರೆಯಲ್ಲ: ತನ್ನದೇ ಸೇವೆಗೆ ಮಾತ್ರ ಖರ್ಚಾಗುವ ವ್ಯಾಲೆಟ್ ನಡೆಸಲು ರಿಸರ್ವ್ ಬ್ಯಾಂಕಿನ ಅನುಮತಿಯೇ ಬೇಕಿಲ್ಲ. ಒಂಬತ್ತನೆಯ ತಿಂಗಳಲ್ಲಿ, ಅರ್ಧ ಅಗತ್ಯಕ್ಕೆ ಅರ್ಧ ಪರೀಕ್ಷೆಗೆಂದು, ಯೋಜನೆಯನ್ನು ನಿಲ್ಲಿಸಿ ಠೇವಣಿ ಮರಳಿ ಕೇಳಿದೆ. ಏಳು ಕೆಲಸದ ದಿನಗಳಲ್ಲಿ ಬರುತ್ತದೆ ಎಂದರು. ಬರಲಿಲ್ಲ. ಸಂದೇಶ ಕಳಿಸಿದಾಗೆಲ್ಲ ‘ನಿಮ್ಮ ತಾಳ್ಮೆಗೆ ಧನ್ಯವಾದ’ ಎಂಬ ಒಂದೇ ಸಾಲು ಬರುತ್ತಿತ್ತು. ಇಪ್ಪತ್ತೆರಡನೆಯ ದಿನ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆ. 2020ರ ಇ-ವಾಣಿಜ್ಯ ನಿಯಮಗಳಂತೆ ದೂರು ತಲುಪಿತೆಂದು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನನಗೆ ಮೊದಲ ಉತ್ತರ ಬಂದದ್ದು ಆರನೆಯ ದಿನ, ಅದೂ ನಾನು 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದ ಮೇಲೆ. ಒಟ್ಟು ನಲವತ್ತೊಂದನೆಯ ದಿನ ಹಣ ಬಂತು, ₹180 ‘ಶುಚಿತ್ವ ಶುಲ್ಕ’ ಮುರಿದುಕೊಂಡು. ಹೆಲ್ಮೆಟ್ಟಿನ ಒಳಬಟ್ಟೆಯನ್ನು ಒಮ್ಮೆಯೂ ತೊಳೆಯದವರು ಯಾವ ಶುಚಿತ್ವದ ಲೆಕ್ಕ ಹಾಕಿದರೋ ಕೇಳಿದ್ದೇನೆ, ಉತ್ತರವಿಲ್ಲ.

ಇದು ಮೋಸದ ಕಂಪನಿ ಎಂದು ನನಗೆ ಅನಿಸುವುದಿಲ್ಲ. ದಾಖಲೆ ಸಲ್ಲಿಸುತ್ತದೆ, ಗಾಡಿ ದುರಸ್ತಿ ಮಾಡಿಸುತ್ತದೆ, ತಪ್ಪು ತೋರಿಸಿದರೆ ಬಾಯಿ ಬಿಡದಿದ್ದರೂ ತಿದ್ದಿಕೊಳ್ಳುತ್ತದೆ. ಕೈಯಲ್ಲಿ ನಗದು ಸಾಲದೆ, ಹೊಸ ಗ್ರಾಹಕರ ಠೇವಣಿಯಿಂದ ಹಳಬರದ್ದನ್ನು ತೀರಿಸುತ್ತಿದೆಯೇನೋ ಎಂಬುದು ನನ್ನ ಊಹೆ. ಅದು ನಿಜವಾದರೆ, ಸ್ಕೂಟರ್‌ಗಳ ಸಂಖ್ಯೆ ಏರುತ್ತಿರುವುದು ಭರವಸೆಗಿಂತ ಆತಂಕಕ್ಕೇ ಹೆಚ್ಚು ಕಾರಣ. ಸವಾರಿಗೆ ಐದರಲ್ಲಿ ನಾಲ್ಕು, ಹಣದ ವ್ಯವಹಾರಕ್ಕೆ ಎರಡು ಅಂಕ ಕೊಡುತ್ತೇನೆ.

ಸೇವೆಯನ್ನು ನಾನು ಬಿಟ್ಟಿಲ್ಲ. ಠೇವಣಿ ಬೇಡದ ದಿನದ ಯೋಜನೆಗೆ ಬದಲಾಯಿಸಿಕೊಂಡಿದ್ದೇನೆ. ತಿಂಗಳಿಗೆ ನಾನೂರು ರೂಪಾಯಿಯಷ್ಟು ಹೆಚ್ಚು ಬೀಳುತ್ತದೆ. ವ್ಯಾಲೆಟ್ಟಿನಲ್ಲಿ ಎರಡು ದಿನದ ಬಾಡಿಗೆಗಿಂತ ಹೆಚ್ಚು ಇಡುವುದಿಲ್ಲ. ₹180 ಇನ್ನೂ ಬಂದಿಲ್ಲ.